ಸೋಪಿನ ಮೇಲಿನ ಗೆರೆಗಳು

ನಮ್ಮ ತುಮಕೂರಿನ ಉಪ್ಪಾರಹಳ್ಳಿ ಮನೇಲಿ ಕೊಬ್ಬರಿ ಎಣ್ಣೆ ಸೋಪು ಮಾಡ್ತೀವಿ. ಖಾಲಿ ಜ್ಯೂಸ್ ಡಬ್ಬವೇ ಅಚ್ಚು. ಎರಡು ಬಣ್ಣ ಹುಯ್ದು ಪೊರಕೆ ಕಡ್ಡಿಯಿಂದ ಎಳೆದರೆ ಸುಳಿ ರೆಡಿ! ಇದು ಬರೀ ಅಂದಕ್ಕೆ.

ಆದ್ರೆ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಹಿಂದೆ ಸೋಪಿನ ನೀಲಿ ಗೆರೆಗಳೇ ಗ್ಯಾರಂಟಿ ಕಾರ್ಡು, ಗೊತ್ತಾ? ಅವನ್ನು ಯಾರೂ ಕಡ್ಡಿಯಲ್ಲಿ ಎಳೀತಿರಲಿಲ್ಲ. ಬಿಸಿ ಸೋಪು ನಿಧಾನವಾಗಿ ತಣಿಯುವಾಗ ಅದರೊಳಗಿನ ಕಬ್ಬಿಣದ ಅಂಶ ತಾನಾಗೇ ಗೆರೆ ಕಟ್ಟುತ್ತಿತ್ತು. ನೀರು ಜಾಸ್ತಿಯಾದ್ರೆ ಅದು ತಳಕ್ಕಿಳಿದು ಗೆರೆ ಮಾಯ! ಅಂದ್ರೆ, ಗೆರೆ ಇದ್ದ ಸೋಪಿಗೆ ತೂಕಕ್ಕಾಗಿ ನೀರು ಬೆರೆಸಿಲ್ಲ ಅಂತ ಅರ್ಥ. 1688ರಲ್ಲಿ 14ನೇ ಲೂಯಿಯ ಸರ್ಕಾರ ಆಲಿವ್ ಎಣ್ಣೆ ಬಿಟ್ಟು ಬೇರೆ ಕೊಬ್ಬು ಹಾಕಬಾರದು ಅಂತ ಆಜ್ಞೆಯನ್ನೂ ಹೊರಡಿಸಿತ್ತು.

19ನೇ ಶತಮಾನದಲ್ಲಿ ಯುರೋಪಿಗೆ ತೆಂಗಿನೆಣ್ಣೆ ಧಾರಾಳವಾಗಿ ಬಂತು. ಅದರ ಸೋಪು ಎಷ್ಟು ನೀರು ಕುಡಿದರೂ ಗಟ್ಟಿಯಾಗೇ ಇರುತ್ತೆ (ನಮ್ಮೂರ ಎಣ್ಣೆ ನೋಡಿ!). ವ್ಯಾಪಾರಿಗಳು ಆ ನೀರು ಸೋಪಿಗೇ ನೀಲಿ ಪುಡಿ ಕಲಸಿ, ಥೇಟ್ ಅದೇ ಗೆರೆ ಬರಿಸಿ ಮಾರಿದರು.