ಚೌಕಿಯಿಲ್ಲದ ವೇಷ

ಮುಲುಂಡಿನಲ್ಲಿ ನೆಲೆಸಿರುವ ನಮ್ಮ ಕಿವಿಗೆ ಆಟಿಸಂ ಎಂಬ ಸ್ಥಿತಿಯ ಮೂರು ಹೆಸರುಗಳು ಬೀಳುತ್ತವೆ. ಮರಾಠಿಯಲ್ಲಿ ಅದು ಸ್ವಮಗ್ನತಾ, ಹಿಂದಿಯಲ್ಲಿ ಸ್ವಲೀನತಾ. ಕನ್ನಡದ ಬರಹದಲ್ಲಿ ಸ್ವಲೀನತೆ ಎಂದಿದ್ದರೂ ಮಾತಿನಲ್ಲಿ ಆಟಿಸಂ ಎಂದೇ ಉಳಿದಿದೆ. ಮೂರರ ಬೇರೂ ಒಂದೇ. ಸ್ವಿಸ್ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ 20ನೆಯ ಶತಮಾನದ ಆರಂಭದಲ್ಲಿ, ಸ್ಕಿಜೋಫ್ರೇನಿಯಾದ ಒಂದು ಲಕ್ಷಣವನ್ನು ವಿವರಿಸುವಾಗ, 'ತಾನು' ಎಂಬರ್ಥದ ಗ್ರೀಕ್ ಪದದಿಂದ ಇದನ್ನು ಕಟ್ಟಿದ. ತನ್ನೊಳಗೇ ಮುಳುಗಿದವನು, ಹೊರಗಿನ ಪರಿವೆಯಿಲ್ಲದವನು ಎಂಬ ಚಿತ್ರ ಅಂದಿನಿಂದ ಈ ಪದಕ್ಕೆ ಅಂಟಿಕೊಂಡಿದೆ. ಆದರೆ ನಡುವಯಸ್ಸಿನಲ್ಲಿ ತಾವು ಆಟಿಸ್ಟಿಕ್ ಎಂದು ಅರಿತವರಲ್ಲಿ ಅನೇಕರು ಬರೆದುಕೊಂಡಿರುವುದು ಇದಕ್ಕೆ ತೀರ ವಿರುದ್ಧವಾದ ಕಥೆ. ಎದುರಿನವರ ಮುಖದಲ್ಲಿ ಏನು ಬದಲಾಯಿತು, ಯಾವಾಗ ನಗಬೇಕು, ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಡಬೇಕು ಎಂಬ ಲೆಕ್ಕದಲ್ಲಿಯೇ ಅವರ ಆಯುಷ್ಯ ಸವೆದಿದೆ. ಈ ಲೆಕ್ಕಕ್ಕೆ ಇಂದು ಮುಖವಾಡವೆಂದು ಹೆಸರು. ಅದನ್ನು ಕಳಚುವ ಮಾತು ಈಗ ನಮ್ಮ ಮಹಾನಗರದಲ್ಲಿಯೂ ಕೇಳಿಬರುತ್ತಿದೆ. ಆ ಮುಖವಾಡವನ್ನು ಹೊಲಿದವರು ಯಾರು ಎಂಬುದನ್ನು ಚರಿತ್ರೆಯಲ್ಲಿ ಹುಡುಕುವುದು ನಮ್ಮ ಉದ್ದೇಶ.

ಮೊದಮೊದಲು ವೈದ್ಯರು ಕಂಡದ್ದು ವೇಷ ತೊಡಲಾರದ ಮಕ್ಕಳನ್ನು. ಮಾಸ್ಕೋದ ಗ್ರುನ್ಯಾ ಸುಖರೇವಾ 1920ರ ದಶಕದಲ್ಲಿಯೇ ಆರು ಹುಡುಗರ ವಿವರಗಳನ್ನು ಪ್ರಕಟಿಸಿದ್ದರು. ಲೋಕ ಅದನ್ನು ಬಹುಕಾಲ ಮರೆತೇಬಿಟ್ಟಿತು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ, ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ಬಗ್ಗೆ ಬರೆದರು. ಆಸ್ಪರ್ಗರನು ನಾಜಿಗಳ ಮಕ್ಕಳ ಹತ್ಯಾ ವ್ಯವಸ್ಥೆಯೊಂದಿಗೆ ಸಹಕರಿಸಿದ್ದನೆಂಬ ದಾಖಲೆಗಳು 2018ರಲ್ಲಿ ಹೊರಬಿದ್ದ ಮೇಲೆ ಆ ಹೆಸರನ್ನು ಬಹುವಚನದಲ್ಲಿ ಬರೆಯಲು ನಮ್ಮ ಕೈ ಏಳುವುದಿಲ್ಲ. ಮೇಲಿನ ವಾಕ್ಯದಲ್ಲಿ ಬಹುವಚನ ಇಬ್ಬರಿಗೆ ಒಟ್ಟಾಗಿ ಬಂದದ್ದು, ಅಷ್ಟೇ.

ವೇಷ ತೊಡಿಸುವ ಕೆಲಸ ಆ ಬಳಿಕ ಚಿಕಿತ್ಸೆಯ ಹೆಸರಿನಲ್ಲಿಯೇ ನಡೆಯಿತು. ಲಾಸ್ ಏಂಜಲೀಸಿನ ಮನೋವಿಜ್ಞಾನಿ ಈವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತೊಂಬತ್ತು ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ವರ್ತನೆಯ ತರಬೇತಿ ಕೊಡಲಾಗಿತ್ತು. ಅವರಲ್ಲಿ ಒಂಬತ್ತು ಮಂದಿ ಸಾಮಾನ್ಯ ಮಕ್ಕಳಂತಾದರು ಎಂಬುದು ಅದರ ಹೆಗ್ಗಳಿಕೆ. ಉಳಿದ ಮಕ್ಕಳಿಂದ ಬೇರೆಯಾಗಿ ಗುರುತಿಸಲಾಗದಂತೆ ಆಗುವುದೇ ಗುಣವಾಗುವುದು ಎಂಬ ನಂಬಿಕೆ ಅಲ್ಲಿಂದ ಬಲವಾಗಿ ಬೇರೂರಿತು. ವಾರಕ್ಕೆ 40 ಗಂಟೆಯೆಂದರೆ ದೊಡ್ಡವರ ಪೂರಾ ನೌಕರಿ. ಆ ನೌಕರಿ ಮಾಡುತ್ತಿದ್ದದ್ದು ನಾಲ್ಕು ವರ್ಷವೂ ತುಂಬದ ಕೂಸುಗಳು.

ಯಾರ ತರಬೇತಿಯೂ ಇಲ್ಲದೆ ತಮ್ಮ ವೇಷವನ್ನು ತಾವೇ ಹೊಲಿದುಕೊಂಡವರು ಇನ್ನೊಂದು ಬಗೆ. ಇವರು ಯಾರ ಎಣಿಕೆಗೂ ಸಿಗಲಿಲ್ಲ. ಆಸ್ಟ್ರೇಲಿಯಾದ ಡೋನಾ ವಿಲಿಯಮ್ಸ್ 1992ರಲ್ಲಿ ತಮ್ಮ ಆತ್ಮಕಥೆ 'ನೋಬಡಿ ನೋವೇರ್' ಪ್ರಕಟಿಸಿದಾಗ ಆ ಲೋಕದ ಬಾಗಿಲು ತೆರೆಯಿತು. ಚಿಕ್ಕಂದಿನಲ್ಲಿ ಉದ್ಯಾನವನದಲ್ಲಿ ಕಂಡ ಕ್ಯಾರೊಲ್ ಎಂಬ ಹುಡುಗಿಯನ್ನು ಆಕೆ ತನ್ನೊಳಗೆ ಒಂದು ಪಾತ್ರವಾಗಿ ಇರಿಸಿಕೊಂಡಳು. ಜನರ ನಡುವೆ ನಗುತ್ತಿದ್ದವಳು, ಹರಟುತ್ತಿದ್ದವಳು ಆ ಕ್ಯಾರೊಲ್. ಡೋನಾ ಎಂಬವಳು ಎಲ್ಲೋ ಹಿಂದೆ ಕುಳಿತಿರುತ್ತಿದ್ದಳು. ವೈದ್ಯಶಾಸ್ತ್ರ ಇದನ್ನು ಒಪ್ಪಿಕೊಳ್ಳಲು ಮತ್ತೆ ಎರಡು ದಶಕಗಳೇ ಬೇಕಾದವು. ಕಲಿತ ಉಪಾಯಗಳ ಹಿಂದೆ ಲಕ್ಷಣಗಳು ಮರೆಯಾಗಿರಬಹುದು ಎಂಬ ಮಾತು ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯೊಳಗೆ 2013ರಲ್ಲಿ ಸೇರಿತು. 2017ರಲ್ಲಿ ಲಾರಾ ಹಲ್ ಮತ್ತು ಸಂಗಡಿಗರು 92 ವಯಸ್ಕರಿಗೆ ಪ್ರಶ್ನೆಗಳನ್ನು ಕೊಟ್ಟು ಉತ್ತರ ಪಡೆದಾಗ ಮತ್ತೆ ಮತ್ತೆ ಬಂದ ಉತ್ತರ ಒಂದೇ, ದಣಿವು. ಮುಂದಿನ ವರ್ಷ ಸಾರಾ ಕ್ಯಾಸಿಡಿ ಮತ್ತವರ ತಂಡ ಈ ಮರೆಮಾಚುವಿಕೆಗೂ ಆತ್ಮಹತ್ಯೆಯ ಆಲೋಚನೆಗೂ ಇರುವ ನಂಟನ್ನು ತೋರಿಸಿತು. ಇಲ್ಲಿಂದಾಚೆಗೆ ಮುಖವಾಡದ ಮಾತು ಬರಿಯ ರೂಪಕವಾಗಿ ಉಳಿಯಲಿಲ್ಲ.

ಪರನಾಡಿನ ಕನ್ನಡಿಗರಾದ ನಮಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ನಾವೆಲ್ಲ ವೇಷ ಹಾಕಿದವರೇ ಅಲ್ಲವೆ? ಬೆಳಗಿನ ಲೋಕಲಿನಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು, ತರಕಾರಿಯವನೊಡನೆ ಮುಂಬಯಿ ಹಿಂದಿ. ಕರಾವಳಿಯಿಂದ ಬಂದು ಉಡುಪಿ ಹೋಟೆಲುಗಳಲ್ಲಿ ದುಡಿದ ಹುಡುಗರು ಹಗಲೆಲ್ಲ ಗಿರಾಕಿಯ ಭಾಷೆಯಲ್ಲಿ ನಗುತ್ತಿದ್ದರು. ನಿಜ, ಆದರೆ ಅವರಿಗೆ ಕತ್ತಲಾದ ಮೇಲೆ ಕನ್ನಡದ ರಾತ್ರಿಶಾಲೆಯಿತ್ತು, ಭಾನುವಾರಕ್ಕೆ ಸಂಘದ ಕಟ್ಟೆಯಿತ್ತು, ಮಳೆಗಾಲದಲ್ಲಿ ಊರಿನ ಮೇಳ ಬಂದರೆ ಯಕ್ಷಗಾನವಿತ್ತು. ಯಕ್ಷಗಾನದ ವೇಷಧಾರಿಯ ಬದುಕು ನಡೆಯುವುದು ರಂಗಸ್ಥಳ ಮತ್ತು ಚೌಕಿಯ ನಡುವೆ. ಎಷ್ಟೇ ಭಾರದ ಕಿರೀಟವಾದರೂ ಮಂಗಳದ ಬಳಿಕ ಚೌಕಿಗೆ ಬಂದು ಇಳಿಸಬಹುದು, ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಬಹುದು. ನಾವು ಹೇಳುತ್ತಿರುವ ಜನರಿಗೆ ಈ ಚೌಕಿಯೇ ಇರಲಿಲ್ಲ. ಅವರ ರಂಗಸ್ಥಳ ಅಮ್ಮನ ಅಡುಗೆಮನೆಯಲ್ಲಿ ಶುರುವಾಗಿ ನೆಂಟರ ಮದುವೆಮನೆಯಲ್ಲಿ ಮುಂದುವರಿಯುತ್ತಿತ್ತು. ಮಾತೃಭಾಷೆಯಲ್ಲಿಯೂ ಅವರು ಪರಭಾಷಿಕರು.

ಆದ್ದರಿಂದ ವೇಷ ಕಳಚುವ ಚರಿತ್ರೆ ನಮಗೆ ಕಂಡಂತೆ ವೈದ್ಯರಿಗಿಂತ ಹೆಚ್ಚಾಗಿ ಸಂಘ ಕಟ್ಟಿದವರದು. 1992ರಲ್ಲಿ ಅಮೆರಿಕದಲ್ಲಿ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು ಆಟಿಸ್ಟಿಕ್ ಜನರೇ ನಡೆಸುವ ಒಂದು ಬಳಗವನ್ನು ಹುಟ್ಟುಹಾಕಿದರು. 1996ರಿಂದ ಅವರು ವರ್ಷವರ್ಷವೂ ಕೆಲವು ದಿನ ಒಟ್ಟಿಗೆ ಕಳೆಯುವ ಶಿಬಿರ ನಡೆಸತೊಡಗಿದರು. ಅಲ್ಲಿ ಎದೆಗೆ ಸಿಕ್ಕಿಸಿಕೊಳ್ಳಲು ಬಣ್ಣದ ಬಿಲ್ಲೆಗಳಿದ್ದವು. ಕೆಂಪು ಎಂದರೆ ಯಾರೂ ಮಾತಾಡಿಸಬೇಡಿ, ಹಳದಿ ಎಂದರೆ ಗೊತ್ತಿರುವವರು ಮಾತ್ರ ಮಾತಾಡಿಸಬಹುದು. ಮುಖದಲ್ಲಿ ತೋರಿಸಬೇಕಾದದ್ದನ್ನು ಬಿಲ್ಲೆ ತೋರಿಸುವುದರಿಂದ ಮುಖಕ್ಕೆ ರಜೆ. ಕೈ ಬೀಸುತ್ತ ನಡೆಯುವವರನ್ನು, ತೂಗುತ್ತ ಕೂರುವವರನ್ನು ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಂಥವರು ತಮ್ಮ ಬಗೆಯವರೊಡನೆ ಸರಾಗವಾಗಿ ವ್ಯವಹರಿಸಬಲ್ಲರು, ತೊಡಕು ಇರುವುದು ಎರಡು ಬಗೆಯವರ ನಡುವೆ ಎಂದು ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಅವರೂ ಆಟಿಸ್ಟಿಕ್. ಮುಂಬಯಿಯಲ್ಲಿ ಕನ್ನಡ ಸಂಘಗಳನ್ನು ಕಟ್ಟಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾರತದ ಕಡೆ ಬಂದರೆ ಚಿತ್ರ ಬೇರೆ. ದೆಹಲಿಯ ಆ್ಯಕ್ಷನ್ ಫಾರ್ ಆಟಿಸಂ 1991ರಲ್ಲಿ ಹುಟ್ಟಿತು, ನಮ್ಮ ಮುಂಬಯಿಯ ಉಮ್ಮೀದ್ ಕೇಂದ್ರ 2001ರಲ್ಲಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಶಬ್ದವೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು, 2016ರ ಕಾಯಿದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ನೆಲೆಯಾಯಿತು. ಇದಷ್ಟೂ ಬಹುಮಟ್ಟಿಗೆ ತಾಯ್ತಂದೆಯರ ಹೋರಾಟದ ಫಲ. ಹಾಗಾಗಿಯೇ ವ್ಯವಸ್ಥೆಯ ಕಣ್ಣು ಮಕ್ಕಳ ಮೇಲೆ ನೆಟ್ಟಿದೆ. ನಲವತ್ತರ ಹೆಂಗಸೊಬ್ಬಳು ಮಗನ ತಪಾಸಣೆಗೆಂದು ಹೋಗಿ, ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ತನ್ನ ಬಾಲ್ಯವನ್ನೇ ಕಂಡು ಬಂದರೆ ಅವಳು ಎತ್ತ ಹೋಗಬೇಕು? ಮನೆಯಲ್ಲಿ ಹೇಳಿದರೆ, "ಇಷ್ಟು ವರ್ಷ ಎಲ್ಲರ ಹಾಗೇ ಇದ್ದೆಯಲ್ಲ ಮಗಾ, ಈಗೇನಾಯಿತು?" ಎಂದು ಅಮ್ಮ ಕೇಳುತ್ತಾಳೆ. ಇನ್ನು ಮೇಲೆ ಸೀಮಂತ, ಗೃಹಪ್ರವೇಶಗಳಿಂದ ಅರ್ಧ ಗಂಟೆಯಲ್ಲಿ ಎದ್ದು ಬರುತ್ತೇನೆ ಎಂದರೆ ಅದು ಸೊಕ್ಕು ಎನಿಸಿಕೊಳ್ಳುತ್ತದೆ. ಕಚೇರಿಯಲ್ಲಿ ಹೇಳಿದರೆ ಬಡ್ತಿಯ ಭಯ. ಎಲ್ಲೆಡೆಯೂ ಒಮ್ಮೆಗೇ ಕಳಚಿಬಿಡಿ ಎಂದು ಸಲಹೆ ಕೊಡುವ ಉತ್ಸಾಹಿಗಳು ಈ ಲೆಕ್ಕವನ್ನೂ ಹಾಕಿ ನೋಡಬೇಕು.

ಮುಖವಾಡವೇ ದಕ್ಕದವರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಕರ್ನಾಟಕದಲ್ಲಿ ಬೆಳೆದ ಟಿಟೊ ಮುಖೋಪಾಧ್ಯಾಯ ಬಾಲ್ಯದಲ್ಲಿ ಬರೆದ ಪುಸ್ತಕ 2000ದಲ್ಲಿ ಲಂಡನ್ನಿನಿಂದ ಹೊರಬಂದಾಗ ಲೋಕ ಬೆರಗಾಯಿತು. ಹೆಚ್ಚು ಮಾತಾಡಲಾರದ, ದೇಹದ ಚಲನೆಯನ್ನು ಅಡಗಿಸಲಾರದ ಆ ಹುಡುಗನಿಗೆ ಕಳಚುವ ಪ್ರಶ್ನೆಯೇ ಇರಲಿಲ್ಲ. ಬೀದಿಯ ದಿಟ್ಟಿಯನ್ನು ಇಂಥವರು ಮೊದಲ ದಿನದಿಂದಲೇ ಎದುರಿಸಿದ್ದಾರೆ.

ವೇಷದ ಕೊನೆಯ ಇಕ್ಕಟ್ಟು ಸರಕಾರಿ ಅಳತೆಗೋಲಿನಲ್ಲಿದೆ. 2009ರಲ್ಲಿ ರೂಪುಗೊಂಡ ಭಾರತೀಯ ಆಟಿಸಂ ಮಾಪಕದಲ್ಲಿ 40 ಅಂಶಗಳು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದು ಎಣಿಕೆ. ಕಣ್ಣು ಕೂಡಿಸುವುದು, ಮುಗುಳ್ನಗುವುದು ಎಲ್ಲವೂ ಈ ಎಣಿಕೆಯೊಳಗಿವೆ. ಮುಲುಂಡಿನಿಂದ ಲೋಕಲು ಹಿಡಿದು, ರಜೆ ಹಾಕಿ, ಪ್ರಮಾಣಪತ್ರಕ್ಕೆಂದು ವೈದ್ಯರ ಮುಂದೆ ಕುಳಿತ ಆ ನಲವತ್ತರ ಹೆಂಗಸು ಏನು ಮಾಡಿಯಾಳು? ಅಭ್ಯಾಸಬಲದಿಂದ ಅವರ ಕಣ್ಣಲ್ಲಿ ಕಣ್ಣಿಟ್ಟು, ನಕ್ಕು, ನಮಸ್ಕಾರ ಹೇಳುತ್ತಾಳೆ.