ಅಲೈಂಗಿಕ ಸಸ್ಯಗಳಲ್ಲಿ ಜೀವನಕ್ರಮದ ಆಯ್ಕೆ: ಡ್ಯಾಂಡಿಲಿಯನ್ ತಳಿಗಳ ನಿದರ್ಶನ

ನೈಸರ್ಗಿಕ ಆಯ್ಕೆ ನಡೆಯಬೇಕಾದರೆ ಒಂದೇ ಪ್ರಭೇದದ ಜೀವಿಗಳ ನಡುವೆ ಆನುವಂಶಿಕ ವ್ಯತ್ಯಾಸ ಇರಲೇಬೇಕು. ಲೈಂಗಿಕ ಸಂತಾನೋತ್ಪತ್ತಿಯಲ್ಲಿ ವಂಶವಾಹಿಗಳು ತಲೆಮಾರಿನಿಂದ ತಲೆಮಾರಿಗೆ ಹೊಸದಾಗಿ ಬೆರೆಯುವುದರಿಂದ ಅದಕ್ಕೆ ಕೊರತೆಯಿಲ್ಲ. ಆದರೆ ಪರಾಗದ ಹಂಗಿಲ್ಲದೆ ಬೀಜ ಕಟ್ಟುವ ಸಸ್ಯಗಳಲ್ಲಿ ಮರಿಗಿಡ ತಾಯಿಗಿಡದ ತದ್ರೂಪು. ಹಾಗಿದ್ದರೆ ಎಷ್ಟು ಬೇಗ ಹೂ ಬಿಡಬೇಕು, ಎಷ್ಟು ಬೀಜ ಕಟ್ಟಬೇಕು, ಎಲೆ-ಬೇರುಗಳಿಗೆ ಎಷ್ಟು ಉಳಿಸಿಕೊಳ್ಳಬೇಕು ಎಂಬ ಜೀವನಕ್ರಮದ ಲಕ್ಷಣಗಳನ್ನು ಇಂಥಲ್ಲಿ ಆಯ್ಕೆ ರೂಪಿಸುವುದು ಹೇಗೆ? ಈ ಸಸ್ಯಗಳಲ್ಲಿಯೂ ಆಯ್ಕೆಯ ಒತ್ತಡ ಬಲವಾಗಿಯೇ ಇರುತ್ತದೆ, ಆದರೆ ಅದು ಲಕ್ಷಣಗಳನ್ನು ಬಿಡಿಬಿಡಿಯಾಗಿ ತಿದ್ದುವ ಬದಲು ಇಡೀ ತಳಿಗಳನ್ನೇ ಜರಡಿ ಹಿಡಿಯುತ್ತದೆ ಎಂಬುದು ಈ ಲೇಖನದ ವಾದ.

ಇದಕ್ಕೆ ಒಳ್ಳೆಯ ಸಾಕ್ಷ್ಯ ಸೂರ್ಯಕಾಂತಿ ಕುಟುಂಬದ ಡ್ಯಾಂಡಿಲಿಯನ್‌ನಲ್ಲಿದೆ. ಯೂರೋಪಿನಿಂದ ಉತ್ತರ ಅಮೆರಿಕಕ್ಕೆ ಹೋಗಿ ನೆಲೆಸಿದ ಈ ಕಳೆ ಅಲ್ಲಿ ಬಹುಮಟ್ಟಿಗೆ ತ್ರಿಗುಣಿತ, ಅಂದರೆ ವರ್ಣತಂತುಗಳ ಮೂರು ಗಣಗಳುಳ್ಳದ್ದು. 24 ವರ್ಣತಂತುಗಳ ಅದರ ಅಂಡಕೋಶ ಫಲೀಕರಣವಿಲ್ಲದೆ ಭ್ರೂಣವಾಗುತ್ತದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಮತ್ತು ಹಾರ್ವರ್ಡ್‌ನ ಆಟೋ ಸೋಲ್‌ಬ್ರಿಗ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿಷಿಗನ್‌ನ ಮೂರು ತಾಣಗಳ ಗಿಡಗಳನ್ನು ಹೋಲಿಸಿದರು. ಕಿಣ್ವಗಳ ಎಲೆಕ್ಟ್ರೋಫೋರೆಸಿಸ್‌ನಿಂದ ಗುರುತಿಸಿದ ನಾಲ್ಕು ತಳಿಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿಡಲಾಗಿತ್ತು. ತುಳಿತ, ಕೊಯ್ತಗಳ ಹಾವಳಿ ಹೆಚ್ಚಾಗಿದ್ದ ತಾಣದಲ್ಲಿ ಶೇ. 73ರಷ್ಟು ಗಿಡಗಳು ಎ ತಳಿಯವು. ಡಿ ತಳಿ ಅಲ್ಲಿ ಇರಲೇ ಇಲ್ಲ. ಹಾವಳಿ ಅತಿ ಕಡಿಮೆಯಿದ್ದ ತಾಣದಲ್ಲಿ ಎ ತಳಿ ಶೇ. 17ಕ್ಕೆ ಇಳಿದು, ಡಿ ತಳಿ ಶೇ. 64ಕ್ಕೆ ಏರಿತ್ತು. ಎ ತಳಿ ಬೇಗ ಹೂ ಬಿಟ್ಟು, ದೇಹದ ಹೆಚ್ಚು ಪಾಲನ್ನು ಬೀಜಕ್ಕೆ ಸುರಿಯುತ್ತದೆ. ಡಿ ತಳಿ ಎಲೆಗಳನ್ನು ಬೆಳೆಸಿಕೊಂಡು ನೆರೆಯ ಗಿಡಗಳನ್ನು ಮೀರಿ ನಿಲ್ಲುತ್ತದೆ. ಗಿಡ ಯಾವಾಗ ಬೇಕಾದರೂ ಸಾಯಬಹುದಾದ ನೆಲದಲ್ಲಿ ಬೀಜಕ್ಕೆ ಖರ್ಚು ಮಾಡಿದ್ದೇ ಲಾಭ; ಸಾವಿಗಿಂತ ಪೈಪೋಟಿಯೇ ದೊಡ್ಡ ಕಂಟಕವಾದ ನೆಲದಲ್ಲಿ ಅದೇ ಖರ್ಚು ಗಿಡವನ್ನು ನೆರಳಿಗೆ ದೂಡುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಲಕ್ಷಣಗಳ ಈ ಅಂತರ ತಳಿಯದ್ದಲ್ಲ, ನೆಲದ್ದಿರಬಹುದು ಎಂಬುದು ಮೊದಲನೆಯದು; ಒಂದೇ ತಳಿ ಬಡ ಮಣ್ಣಿನಲ್ಲಿ ಒಂದು ಬಗೆ, ಹಸಿ ಮಣ್ಣಿನಲ್ಲಿ ಇನ್ನೊಂದು ಬಗೆ ಬೆಳೆಯುವುದು ಅಪರೂಪವಲ್ಲ. ಆದರೆ ಸೋಲ್‌ಬ್ರಿಗ್ ಮತ್ತು ಬೆರಿಲ್ ಸಿಂಪ್ಸನ್ 1974ರಲ್ಲಿ ತೋರಿಸಿದಂತೆ, ಎ ಮತ್ತು ಡಿ ತಳಿಗಳನ್ನು ಸಮಾನ ಪರಿಸರದಲ್ಲಿ ಬೆಳೆಸಿದಾಗಲೂ ಈ ಅಂತರ ಅಳಿಯಲಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಮೂರು ತಾಣಗಳು ಹಾವಳಿಯಲ್ಲಿ ಮಾತ್ರ ಬೇರೆಯಾಗಿರಲಿಲ್ಲ: ಒಂದು ಒಣ ಬಯಲು, ಇನ್ನೊಂದು ಒಣ ನೆರಳು, ಮತ್ತೊಂದು ತೇವದ ಅರೆನೆರಳು. ಡಿ ತಳಿಯನ್ನು ಹೊರಗಿಟ್ಟದ್ದು ಬಿಸಿಲೋ, ತುಳಿತವೋ ಎಂದು ತಾಣಗಳ ಎಣಿಕೆಯಿಂದಷ್ಟೇ ಹೇಳಲಾಗದು. ಅದೇ ಇಬ್ಬರು 1977ರಲ್ಲಿ ಪ್ರಕಟಿಸಿದ ತೋಟದ ಪ್ರಯೋಗದ ಮಹತ್ವ ಇಲ್ಲಿದೆ. ಎರಡೂ ತಳಿಗಳನ್ನು ಒಟ್ಟಿಗೆ ಬೆಳೆಸಿ, ಕೆಲವು ಮಡಿಗಳಿಗೆ ಹಾವಳಿ ಕೊಟ್ಟು, ಉಳಿದವನ್ನು ಅವುಗಳ ಪಾಡಿಗೆ ಬಿಟ್ಟಾಗ, ಮೊದಲ ಬಗೆಯಲ್ಲಿ ಎ ತಳಿಯದೂ ಎರಡನೆಯದರಲ್ಲಿ ಡಿ ತಳಿಯದೂ ಮೇಲುಗೈಯಾಯಿತು. ಮಣ್ಣು, ಬಿಸಿಲು ಒಂದೇ ಆಗಿದ್ದಾಗಲೂ ಫಲಿತಾಂಶ ತಿರುಗಿತೆಂದ ಮೇಲೆ ಹಾವಳಿಗೆ ತನ್ನದೇ ಪಾತ್ರವಿದೆಯೆಂದು ಒಪ್ಪಬೇಕು.

ಆದರೂ ಈ ಸಾಕ್ಷ್ಯದಿಂದ ಎಷ್ಟು ಹೇಳಬಹುದು ಎಂಬುದಕ್ಕೆ ಮಿತಿಯಿದೆ. ಮಡಿಯಲ್ಲಿ ಸಾವಿರ ಗಿಡಗಳಿದ್ದರೂ ತಳಿಗಳು ಎರಡೇ. ಅಂಕಿಸಂಖ್ಯೆಯ ದೃಷ್ಟಿಯಿಂದ ಸ್ವತಂತ್ರ ನಿದರ್ಶನಗಳೂ ಎರಡೇ. ಅಲ್ಲದೆ ವಂಶವಾಹಿಗಳು ಬೆರೆಯದ ಸಸ್ಯದಲ್ಲಿ ಬೇಗ ಹೂ ಬಿಡುವ ಗುಣ, ಬೀಜದ ಸಮೃದ್ಧಿ, ಎಲೆಯ ಅಳತೆ ಎಲ್ಲವೂ ಒಂದೇ ಗಂಟಿನಲ್ಲಿ ಬರುತ್ತವೆ. ಎ ತಳಿ ಗೆದ್ದದ್ದು ಯಾವ ಗುಣದಿಂದ ಎಂದು ಅದರ ಗೆಲುವೇ ಹೇಳುವುದಿಲ್ಲ. ನಿರುಪಯುಕ್ತ ಗುಣವೊಂದು ಉಪಯುಕ್ತ ಗುಣದ ಜೊತೆಗೆ ಹಾಗೆಯೇ ಸಾಗಿಬಂದಿರಬಹುದು. 1967ರಲ್ಲಿ ಮ್ಯಾಕಾರ್ಥರ್ ಮತ್ತು ವಿಲ್ಸನ್ ಮುಂದಿಟ್ಟ ಆರ್ ಆಯ್ಕೆ (ವೇಗದ ಸಂತಾನವೃದ್ಧಿಗೆ ಒಲವು) ಮತ್ತು ಕೆ ಆಯ್ಕೆ (ಪೈಪೋಟಿಯ ಸಾಮರ್ಥ್ಯಕ್ಕೆ ಒಲವು) ಎಂಬ ಇಬ್ಬಗೆಯೊಳಗೆ ಡ್ಯಾಂಡಿಲಿಯನ್ ಇಷ್ಟು ಸಲೀಸಾಗಿ ಕೂರಲು ಈ ಗಂಟೂ ಒಂದು ಕಾರಣ. ಸಾವು ಯಾವ ವಯಸ್ಸಿನಲ್ಲಿ ಎರಗುತ್ತದೆ ಎಂಬುದರ ಮೇಲೆ ಜೀವನಕ್ರಮ ನಿಲ್ಲುತ್ತದೆಂದು ಗಾಡ್ಗೀಳ್ ಮತ್ತು ಬಾಸರ್ಟ್ 1970ರಲ್ಲಿಯೇ ತೋರಿಸಿದ್ದರು; ಆ ಲೆಕ್ಕ ಎರಡು ಅಕ್ಷರಗಳಿಗಿಂತ ಸೂಕ್ಷ್ಮವಾದದ್ದು.

ಆಯ್ಕೆಗೆ ಬೇಕಾದ ತಳಿಗಳ ವೈವಿಧ್ಯ ಬರುವುದೆಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ಪರಿವರ್ತನೆ ಒಂದು ಮೂಲ. ಯೂರೋಪಿನ ಕೆಲವೆಡೆ ದ್ವಿಗುಣಿತ ಲೈಂಗಿಕ ಡ್ಯಾಂಡಿಲಿಯನ್‌ಗಳು ತ್ರಿಗುಣಿತಗಳೊಡನೆ ಬೆರೆತು ಹೊಸ ಅಲೈಂಗಿಕ ತಳಿಗಳಿಗೆ ಜನ್ಮ ಕೊಡುವುದು ಇನ್ನೊಂದು. ಲೈಂಗಿಕ ಗಿಡಗಳಿಲ್ಲದ ಕಡೆ ಈ ಎರಡನೆಯ ಬಾಗಿಲು ಮುಚ್ಚಿರುತ್ತದೆ. ಅಂಥಲ್ಲಿ ಎ ತಳಿಯ ಬೀಜಸಮೃದ್ಧಿಗೆ ಡಿ ತಳಿಯ ಎಲೆಯನ್ನು ಜೋಡಿಸುವ ದಾರಿ ಆಯ್ಕೆಗಿಲ್ಲ. ಹಾವಳಿಯ ರೀತಿ ಬದಲಾದರೆ ಅದಕ್ಕೆ ಸಮುದಾಯ ಕೊಡುವ ಮುಖ್ಯ ಉತ್ತರ ತಳಿಗಳ ಪ್ರಮಾಣವನ್ನು ಬದಲಿಸುವುದು. ತಕ್ಕ ತಳಿ ಆ ಮೊದಲೇ ಅಳಿದಿದ್ದರೆ ಆ ಉತ್ತರವೂ ಸಿಗದು. ಆದ್ದರಿಂದ ಅಲೈಂಗಿಕ ಸಸ್ಯಗಳ ಜೀವನಕ್ರಮವನ್ನು ಅಳೆಯುವವರು ಗಿಡಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಬೇರೆ ಬೇರೆ ಮೂಲದ ತಳಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಅಗತ್ಯ. ಒಂದೇ ಬಗೆಯ ಹಾವಳಿಯಲ್ಲಿ, ಸಂಬಂಧವಿಲ್ಲದ ಹಲವು ತಳಿಗಳು ಒಂದೇ ಗುಣದಿಂದ ಗೆದ್ದಾಗ ಮಾತ್ರ ಆಯ್ಕೆಯಾದದ್ದು ಆ ಗುಣವೇ ಎಂದು ನಿಶ್ಚಯವಾಗಿ ಹೇಳಬಹುದು.