ಸೌಂಡ್ ಸರ್ವರ್

ಕಂಪ್ಯೂಟರಿನ ಹಲವು ತಂತ್ರಾಂಶಗಳ ಧ್ವನಿಯನ್ನು ಬೆರೆಸಿ, ಧ್ವನಿ ಸಾಧನಕ್ಕೂ ತಂತ್ರಾಂಶಗಳಿಗೂ ನಡುವೆ ಸಾಗಿಸುವ ವ್ಯವಸ್ಥೆ. ಲಿನಕ್ಸ್‌ನಲ್ಲಿ ಇದು ಆಲ್ಸಾ ಚಾಲಕಗಳ ಮೇಲೆ ಕುಳಿತು ಕೆಲಸ ಮಾಡುತ್ತದೆ. ವಿಂಡೋಸ್ ಬಳಸುವ ಸಂಗೀತಗಾರರಿಗೆ ಏಸಿಯೋ ಚಾಲಕ, ಮ್ಯಾಕ್‌ನವರಿಗೆ ಕೋರ್ ಆಡಿಯೋ ಇರುವುದರಿಂದ ಯಾವ ಸರ್ವರ್ ಎಂಬ ಆಯ್ಕೆಯ ಗೊಂದಲ ಹೆಚ್ಚಾಗಿ ಲಿನಕ್ಸ್ ಬಳಕೆದಾರರದೇ.

ಲಿನಕ್ಸ್‌ನ ಸೌಂಡ್ ಸರ್ವರ್‌ಗಳಲ್ಲಿ ಪಲ್ಸ್ ಆಡಿಯೋ ಹಾಡು ಕೇಳುವುದಕ್ಕೆ, ವೀಡಿಯೋ ಕರೆಗೆ ಸಾಕು. ಧ್ವನಿಮುದ್ರಣಕ್ಕೆ ಅದರ ವಿಳಂಬ ಹೆಚ್ಚು. ಆರ್ಡರ್ ತಂತ್ರಾಂಶದ ಕರ್ತೃ ಪಾಲ್ ಡೇವಿಸ್ ಆರಂಭಿಸಿದ ಜ್ಯಾಕ್, ತಂತ್ರಾಂಶಗಳನ್ನು ತಂತಿ ಎಳೆದಂತೆ ಒಂದಕ್ಕೊಂದು ಜೋಡಿಸಿ ಕಡಿಮೆ ವಿಳಂಬದಲ್ಲಿ ನಡೆಸುತ್ತದೆ. ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಈ ಎರಡರ ತಂತ್ರಾಂಶಗಳನ್ನೂ ನಡೆಸಬಲ್ಲದು. ಲಿನಕ್ಸ್ ವಿತರಣೆಗಳಾದ ಫೆಡೋರಾ 34 (2021), ಉಬುಂಟು 22.10 (2022) ಇದನ್ನೇ ಪೂರ್ವನಿಯೋಜಿತವಾಗಿ ಅಳವಡಿಸಿಕೊಂಡವು. ಹೊಸದಾಗಿ ಶುರುಮಾಡುವವರಿಗೆ ಇದೇ ಸರಿ. ಜ್ಯಾಕ್‌ನಲ್ಲಿ ಎಲ್ಲವೂ ಸುಸೂತ್ರವಾಗಿದ್ದರೆ ಬದಲಿಸುವ ಅವಸರವಿಲ್ಲ.

ಸರ್ವರ್‌ನ ಹೆಸರಿಗಿಂತ ಬಫರ್‌ನ, ಅಂದರೆ ಒಮ್ಮೆಗೆ ಸಾಗಿಸುವ ಧ್ವನಿ ಮಾದರಿಗಳ ಕಂತೆಯ, ಗಾತ್ರ ಮುಖ್ಯ. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 256 ಮಾದರಿಗಳ ಒಂದು ಬಫರ್ ಸುಮಾರು 5.3 ಮಿಲಿಸೆಕೆಂಡ್, 1,024ರದು ಸುಮಾರು 21. ಒಳಹರಿವು, ಹೊರಹರಿವು, ಪರಿವರ್ತಕಗಳು ಸೇರಿ ನಿಜವಾದ ವಿಳಂಬ ಇದಕ್ಕಿಂತ ಹೆಚ್ಚು. ಬಫರ್ ತೀರಾ ಚಿಕ್ಕದಾದರೆ ಧ್ವನಿ ಚಟಪಟ ಎನ್ನುತ್ತದೆ. ಹಾಡುವಾಗ 128 ಅಥವಾ 256, ಮಿಶ್ರಣ ಮಾಡುವಾಗ 1,024 ಇಟ್ಟುಕೊಳ್ಳುವುದು ರೂಢಿ.

ಬೆಂಗಳೂರು–ಹೊಸೂರು ಹೆದ್ದಾರಿಯಲ್ಲಿ ಅತ್ತಿಬೆಲೆ ದಾಟಿದೊಡನೆ ಸಿಗುವ ಜೂಜುವಾಡಿಯಂಥ ಕಡೆ ಮನೆಯಲ್ಲೇ ಮುದ್ರಿಸುವವರು ಕಿಟಕಿಯನ್ನೂ ಗಮನಿಸಬೇಕು: ಲಾರಿ ಹಾರ್ನನ್ನು ಯಾವ ಸರ್ವರೂ ತಡೆಯದು.